ಲಿಂಕ್ ಆಗಿದೆ ಅಂತಾರೆ, ದುಡ್ಡು ಬಂದಿಲ್ಲ

ಪ್ರಶ್ನೆ: ಮೇಡಂ, ನಮ್ಮ ಮನೆಯಲ್ಲಿ ಡಿಗ್ರಿಗೆ ಸೇರಿದವಳು ನಾನೇ ಮೊದಲು. ಬಿಕಾಂ ಎರಡನೇ ವರ್ಷ. ಅಪ್ಪ ಕುರಿ ಮೇಯಿಸುತ್ತಾರೆ, ಎರಡು ಎಕರೆ ಜಮೀನಿದೆ. ಹಾಸ್ಟೆಲ್ ಸಿಗಲಿಲ್ಲ, ಪೇಟೆಯಲ್ಲಿ ರೂಮು ಮಾಡಿದ್ದೇನೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ, ರೂಮಿಗೆ ಅಂತ ಸರ್ಕಾರ ದುಡ್ಡು ಕೊಡುವ ವಿದ್ಯಾಸಿರಿಗೆ ಅರ್ಜಿ ಹಾಕಿದೆ. ಮಂಜೂರಾಗಿದೆ ಅಂತ ತೋರಿಸುತ್ತೆ, ದುಡ್ಡು ಬಂದಿಲ್ಲ. ಬ್ಯಾಂಕಿನಲ್ಲಿ ಕೇಳಿದರೆ ಆಧಾರ್ ಲಿಂಕ್ ಆಗಿದೆ ಹೋಗಮ್ಮ ಅಂತಾರೆ. ಬಾಡಿಗೆ ಬಾಕಿ ಇದೆ. ಓದು ಸಾಕು ಬಾ ಅಂತ ಅಪ್ಪ. ತಂಗಿ ಎರಡನೇ ಪಿಯುಸಿ. ಏನು ಮಾಡಲಿ?
– ಆರ್., ಹಿರಿಯೂರು ತಾಲ್ಲೂಕು

ಉತ್ತರ: ಮಗಳೇ, ಮಂಜೂರಾಗಿದ್ದರೆ ಅರ್ಧ ಯುದ್ಧ ಗೆದ್ದ ಹಾಗೆ. ತಿಂಗಳಿಗೆ 1,500ರಂತೆ ಹತ್ತು ತಿಂಗಳಿಗೆ 15,000 ರೂಪಾಯಿ ಅಂತ ಇಟ್ಟಿದ್ದರು. ಸುಮ್ನೆ ಬಿಡುವ ಮೊತ್ತವಲ್ಲ.

ಕಾಲೇಜಿನ ಸ್ಕಾಲರ್‌ಶಿಪ್ ವಿಭಾಗದಲ್ಲಿ ನಾನು ವರ್ಷಗಟ್ಟಲೆ ಕೂತವಳು. ಕೊನೆಕೊನೆಗೆ ನನ್ನ ಕಿಟಕಿಗೆ ಬರುತ್ತಿದ್ದವರಲ್ಲಿ ಜಾಸ್ತಿ ಮಂದಿಯದು ನಿನ್ನದೇ ಕಥೆ. ಬ್ಯಾಂಕಿನವರು ಹೇಳುವ 'ಲಿಂಕ್' ಬೇರೆ, ಸರ್ಕಾರದ ದುಡ್ಡಿಗೆ ಬೇಕಾದ 'ಸೀಡಿಂಗ್' ಬೇರೆ. ಖಾತೆ ತೆರೆಯುವಾಗ ಆಧಾರ್ ಜೆರಾಕ್ಸ್ ಕೊಟ್ಟಿದ್ದು ಲಿಂಕ್. ಆಧಾರ್ ನಂಬರಿಗೆ ಬರುವ ದುಡ್ಡು ಯಾವ ಬ್ಯಾಂಕಿಗೆ ಹೋಗಬೇಕು ಅಂತ ಎನ್‌ಪಿಸಿಐನಲ್ಲಿ, ಅಂದರೆ ಬ್ಯಾಂಕುಗಳ ನಡುವೆ ದುಡ್ಡು ಸಾಗಿಸುವ ರಾಷ್ಟ್ರೀಯ ಪಾವತಿ ನಿಗಮದಲ್ಲಿ, ದಾಖಲಾಗುವುದು ಸೀಡಿಂಗ್. ಕೊನೆಯದಾಗಿ ಯಾವ ಬ್ಯಾಂಕಿಗೆ ಸೀಡಿಂಗ್ ಆಗಿದೆಯೋ ಅಲ್ಲಿಗೇ ದುಡ್ಡು. ನೀನು ಯಾವ ಪಾಸ್‌ಬುಕ್ ಹಿಡಿದುಕೊಂಡಿದ್ದೀಯ ಅನ್ನುವುದು ಅದಕ್ಕೆ ಗೊತ್ತಿಲ್ಲ.

ಒಬ್ಬ ಹುಡುಗಿ ಇಡೀ ವರ್ಷ ಅಲೆದಳು. ಕೊನೆಗೆ ನೋಡಿದರೆ, ಸಿಮ್ ಕೊಳ್ಳುವಾಗ ಅಂಗಡಿಯವನು ಬೆರಳು ಒತ್ತಿಸಿಕೊಂಡು ಮೊಬೈಲಿನಲ್ಲೇ ಒಂದು ಖಾತೆ ತೆರೆದುಬಿಟ್ಟಿದ್ದ. ದುಡ್ಡು ಅಲ್ಲಿ ತಣ್ಣಗೆ ಕೂತಿತ್ತು! ಅವಳು ನಕ್ಕಳೋ ಅತ್ತಳೋ ನನಗೆ ತಿಳಿಯಲಿಲ್ಲ.

ಆದ್ದರಿಂದ ಮೊದಲು ಮೈಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡು. ಆಧಾರಿಗೆ ಕೊಟ್ಟ ಮೊಬೈಲಿಗೆ ಓಟಿಪಿ ಬರುತ್ತದೆ. ನಂಬರು ಅಪ್ಪನದಾಗಿದ್ದರೆ ಅವರು ಕುರಿ ಹಿಂದೆ ಹೋಗುವ ಮೊದಲೇ ಕೂತುಕೋ. ಅಲ್ಲಿ ಬೇರೆ ಬ್ಯಾಂಕಿನ ಹೆಸರಿದ್ದರೆ ಆ ಖಾತೆ ಹುಡುಕು. ಏನೂ ಇಲ್ಲದಿದ್ದರೆ ನಿನ್ನ ಶಾಖೆಗೆ ಹೋಗಿ 'ಎನ್‌ಪಿಸಿಐ ಸೀಡಿಂಗ್ ಮಾಡಿಕೊಡಿ' ಅಂತಲೇ ಕೇಳು. 'ಲಿಂಕ್' ಅನ್ನಬೇಡ, ಮತ್ತೆ ವಾಪಸ್ ಕಳಿಸುತ್ತಾರೆ. ಫಾರಂ ಕೊಟ್ಟು ಒಂದು ಪ್ರತಿಗೆ ಸೀಲು ಹಾಕಿಸಿಕೋ. ಖಾತೆ ವರ್ಷಗಟ್ಟಲೆ ಬಳಸದೆ ಸತ್ತಿದ್ದರೆ ಕೆವೈಸಿ ಕೊಟ್ಟು ಎಬ್ಬಿಸು. ಸೀಡಿಂಗ್ ಆದಮೇಲೆ ತಾಲ್ಲೂಕಿನ ಬಿಸಿಎಂ (ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ) ಆಫೀಸಿಗೆ ಹೋಗಿ, ಎಸ್‌ಎಸ್‌ಪಿ (ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್) ಅರ್ಜಿಯ ನಂಬರು ಬರೆದು, ಪಾವತಿ ಮತ್ತೆ ಕಳಿಸಿ ಎಂದು ಲಿಖಿತವಾಗಿ ಕೊಡು.

ಕೇಳಲು ನಾಚಿಕೆಯಾಗುತ್ತದೆ, ಗೊತ್ತು. 1981ರಲ್ಲಿ ನಾನೂ ಮನೆಯ ಮೊದಲ ಡಿಗ್ರಿ. ಅಪ್ಪ ಹೆಬ್ಬೆಟ್ಟು. ನೋಟಿಸ್ ಬೋರ್ಡಿನಲ್ಲಿದ್ದದ್ದು ಇಂಗ್ಲಿಷ್. ಮೂರು ದಿನ ಆಫೀಸಿನ ಬಾಗಿಲವರೆಗೂ ಹೋಗಿ ವಾಪಸ್ ಬಂದೆ. ನಾಲ್ಕನೇ ದಿನ ಕೇಳಿದಾಗ ಕೊನೆಯ ದಿನಾಂಕ ಮುಗಿದಿತ್ತು. ಆ ವರ್ಷದ ಫೀಸಿಗೆ ಅವ್ವನ ಮೂಗುಬೊಟ್ಟು ಗಿರವಿಗೆ ಹೋಯಿತು. ಆಮೇಲೆ ಅದೇ ಥರದ ಕಿಟಕಿಯ ಒಳಗೆ ಕೂತಾಗ, ಬಾಗಿಲಲ್ಲಿ ಸುಳಿದಾಡುವ ಮಕ್ಕಳನ್ನು ನಾನೇ ಕೂಗಿ ಕರೆಯುತ್ತಿದ್ದೆ.

ಎರಡು ಎಕರೆ ಅಂದೆಯಲ್ಲ, ಪಹಣಿ ಅಪ್ಪನ ಹೆಸರಿನಲ್ಲಿದೆಯೋ ತಾತನ ಹೆಸರಿನಲ್ಲೇ ಉಳಿದಿದೆಯೋ? 2021ರಲ್ಲಿ ಶುರುವಾದ, ರೈತರ ಮಕ್ಕಳಿಗೆ ಸ್ಕಾಲರ್‌ಶಿಪ್ ಕೊಡುವ ರೈತ ವಿದ್ಯಾನಿಧಿಯಲ್ಲಿ ಬಿಕಾಂ ಹುಡುಗಿಯರಿಗೆ ವರ್ಷಕ್ಕೆ 5,500 ಇಟ್ಟಿದ್ದರು. ಅದಕ್ಕೆ ಅಪ್ಪನ ಎಫ್‌ಐಡಿ, ಅಂದರೆ ರೈತರ ಗುರುತಿನ ನಂಬರು ಬೇಕು. ರೈತ ಸಂಪರ್ಕ ಕೇಂದ್ರದಲ್ಲಿ ಮಾಡಿಕೊಡುತ್ತಾರೆ. ಜಮೀನಿನ ಖಾತೆ ತೀರಿಹೋದ ತಾತನ ಹೆಸರಿನಲ್ಲೇ ಇದ್ದರೆ, ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆ ಮಾಡಿಸದೆ ದಾರಿಯಿಲ್ಲ.

ಇನ್ನು ತಂಗಿ. ಅವಳು ಹತ್ತನೇ ತರಗತಿ, ಪಿಯುಸಿ ಎರಡನ್ನೂ ಸರ್ಕಾರಿ ಶಾಲೆ–ಕಾಲೇಜಿನಲ್ಲಿ ಓದಿದ್ದರೆ ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್ ನೆನಪಿಡು. ಹುಡುಗಿಯರಿಗೇ ಇರುವುದು, ವರ್ಷಕ್ಕೆ 30,000. ಡಿಗ್ರಿಯ ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕು. ಬ್ಯಾಂಕಿಗೆ ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗು. ಇಬ್ಬರ ಸೀಡಿಂಗೂ ಒಂದೇ ಸಲ ಮುಗಿದುಬಿಡಲಿ, ಬಸ್ ಚಾರ್ಜಾದರೂ ಉಳಿಯುತ್ತದೆ ಅಲ್ವಾ?