ಆಷಾಢದಲ್ಲಿ ಬುಕ್ ಮಾಡಿ, ಶ್ರಾವಣದಲ್ಲಿ ಮನೆಗೆ ತನ್ನಿ

ಪ್ರಶ್ನೆ: ನಮ್ಮ ಮನೆಯ 32 ಇಂಚಿನ ಟಿವಿಗೆ ಹನ್ನೊಂದು ವರ್ಷವಾಯಿತು. ಈಗ ಪರದೆ ಮಧ್ಯೆ ಗೆರೆ ಬಂದಿದೆ. ಪ್ಯಾನೆಲ್ ಹೋಗಿದೆ, ರಿಪೇರಿಗೆ ದುಡ್ಡು ಹಾಕಬೇಡಿ ಅಂತ ಮೆಕ್ಯಾನಿಕ್ ಹೇಳಿದರು. ಕೊಬ್ಬರಿ ಮಾರಿದ ದುಡ್ಡಿನಲ್ಲಿ 30 ಸಾವಿರ ತೆಗೆದಿಟ್ಟಿದ್ದೇವೆ. 43 ಇಂಚಿನದು ಬೇಕು. ಅಂಗಡಿಗಳಲ್ಲಿ ಆಷಾಢದ ಆಫರ್ ಬೋರ್ಡ್ ಹಾಕಿದ್ದಾರೆ. ಆಷಾಢದಲ್ಲಿ ಹೊಸ ವಸ್ತು ಮನೆಗೆ ಬೇಡ ಅಂತಾರೆ ಅತ್ತೆ. ದಸರಾವರೆಗೆ ಕಾದರೆ ಆನ್‌ಲೈನ್‌ನಲ್ಲಿ ಅರ್ಧ ಬೆಲೆಗೆ ಸಿಗುತ್ತೆ ಅಂತಾನೆ ಮಗ. ಯಾವಾಗ ಕೊಂಡರೆ ಲಾಭ?
— ಓದುಗರೊಬ್ಬರು, ತಿಪಟೂರು

ಉತ್ತರ: ತುಮಕೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಯೊಂದರ ಕೌಂಟರಿನಲ್ಲಿ ನಾನು ಇಪ್ಪತ್ತೆರಡು ವರ್ಷ ಕೆಲಸ ಮಾಡಿದ್ದೇನೆ. ನಿಮ್ಮ ಮನೆಯಲ್ಲಿ ನಡೆದಿರುವ ಈ ಮಾತನ್ನು ಪ್ರತಿ ಆಷಾಢದಲ್ಲೂ ಕೇಳಿದ್ದೇನೆ. ಆಷಾಢದ ಬೆಲೆಗೇ ಟಿವಿ ಕೊಳ್ಳಬಹುದು. ಅದಕ್ಕಾಗಿ ಅತ್ತೆಯವರ ಮನಸ್ಸು ನೋಯಿಸಬೇಕಾಗಿಲ್ಲ.

ಆಷಾಢದಲ್ಲಿ ಬೆಲೆ ಯಾಕೆ ಇಳಿಯುತ್ತೆ ಅನ್ನೋದು ಗೊತ್ತಿದ್ದರೆ ಚೌಕಾಸಿಗೆ ಧೈರ್ಯ ಬರುತ್ತೆ. ಈ ತಿಂಗಳು ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಅಂಗಡಿ ಖಾಲಿ ಹೊಡೆಯುತ್ತಿರುತ್ತೆ. ಆದರೆ ಬಾಡಿಗೆ, ಸಂಬಳ, ಕರೆಂಟ್ ಬಿಲ್ಲು ನಿಲ್ಲುವುದಿಲ್ಲ. ಕಂಪನಿ ಕೊಟ್ಟ ತಿಂಗಳ ಟಾರ್ಗೆಟ್ಟೂ ತಲೆ ಮೇಲೆ ಇರುತ್ತೆ. ಇನ್ನೊಂದು ಕಾರಣ ಮಾಡೆಲ್‌ಗಳದ್ದು. ದೊಡ್ಡ ಕಂಪನಿಗಳು ಜನವರಿಯಲ್ಲಿ ಅಮೆರಿಕದ ಲಾಸ್ ವೇಗಸ್ ಪ್ರದರ್ಶನದಲ್ಲಿ ಹೊಸ ಟಿವಿಗಳನ್ನು ತೋರಿಸುತ್ತವೆ. ಅವು ನಮ್ಮ ಅಂಗಡಿಗಳಿಗೆ ಹೆಚ್ಚಾಗಿ ಬೇಸಿಗೆಯ ಹೊತ್ತಿಗೆ ಬರುತ್ತವೆ. ಹಾಗಾಗಿ ಆಷಾಢದ ವೇಳೆಗೆ ಹೋದ ವರ್ಷದ ಸ್ಟಾಕ್ ಗೋಡೌನಿನಲ್ಲಿ ಜಾಗ ತಿನ್ನುತ್ತಿರುತ್ತೆ. ನಿಮ್ಮ ಬಜೆಟ್ಟಿನ 43 ಇಂಚಿನಲ್ಲಿ ಹೋದ ವರ್ಷದ್ದಕ್ಕೂ ಈ ವರ್ಷದ್ದಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸ ತೀರಾ ಕಡಿಮೆ. ಹಳೆ ಮಾಡೆಲ್ ಅಂತ ಹಿಂಜರಿಯಬೇಡಿ.

ತಿಂಗಳ ಕೊನೆಯ ನಾಲ್ಕೈದು ದಿನಗಳಲ್ಲಿ, ಭಾನುವಾರ ಬಿಟ್ಟು, ಮಧ್ಯಾಹ್ನದ ಹೊತ್ತಿಗೆ ಹೋಗಿ. ಮೊದಲು ಒಟ್ಟು ಬೆಲೆ ಕೇಳಿ. ಆಮೇಲೆ "ಪೂರ್ತಿ ದುಡ್ಡು ಈಗಲೇ ಕೊಟ್ಟರೆ ಎಷ್ಟು?" ಅಂತ ಕೇಳಿ. ಬಡ್ಡಿಯಿಲ್ಲದ ಕಂತು ಅಂತ ಹೇಳಿದರೆ ಬೇಡ ಅನ್ನಿ. ಅಲ್ಲಿ ಬ್ಯಾಂಕು ಬಡ್ಡಿ ಹಾಕುತ್ತೆ, ಅಷ್ಟನ್ನು ರಿಯಾಯಿತಿ ಅಂತ ಮೊದಲೇ ಬೆಲೆಯಲ್ಲಿ ಕಳೆಯುತ್ತಾರೆ. ಆದರೆ ಆ ಬಡ್ಡಿಯ ಮೇಲಿನ 18% ಜಿಎಸ್‌ಟಿ ಮತ್ತು ಪ್ರೊಸೆಸಿಂಗ್ ಫೀ ನಿಮ್ಮ ತಲೆಗೇ ಬರುತ್ತೆ. ಕೈಯಲ್ಲಿ ದುಡ್ಡಿರುವಾಗ ಕಂತು ಯಾಕೆ?

ಬೆಲೆ ಕುದುರಿದ ಮೇಲೆ ಒಂದೆರಡು ಸಾವಿರ ಅಡ್ವಾನ್ಸ್ ಕೊಟ್ಟು ಬುಕ್ ಮಾಡಿ. ಟಿವಿ ಶ್ರಾವಣದಲ್ಲಿ ಕಳಿಸಿ ಅನ್ನಿ. ನಮ್ಮ ಕಡೆ ಇದು ಹೊಸದೇನಲ್ಲ, ಅಂಗಡಿಯವರು ಒಪ್ಪುತ್ತಾರೆ. ರಸೀದಿಯಲ್ಲಿ ಪೂರ್ತಿ ಮಾಡೆಲ್ ನಂಬರು, ಒಪ್ಪಿದ ಬೆಲೆ, ಗೋಡೆಗೆ ಹಾಕುವ ಸ್ಟ್ಯಾಂಡ್ ಸೇರಿದೆಯೋ ಇಲ್ಲವೋ, ಕಳಿಸುವ ತಾರೀಕು, ಇಷ್ಟನ್ನೂ ಬರೆಸಿಕೊಳ್ಳಿ. ಬಿಲ್ ಮಾತ್ರ ಟಿವಿ ಮನೆಗೆ ಬರುವ ದಿನದ್ದೇ ಆಗಿರಲಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಒಂದು ವರ್ಷ ನಮ್ಮ ಅಂಗಡಿಯಲ್ಲಿ ಒಬ್ಬ ತಾಯಿ ಆಷಾಢದಲ್ಲೇ ಪೂರ್ತಿ ದುಡ್ಡು ಕಟ್ಟಿ ಬಿಲ್ ಮಾಡಿಸಿ, ಒಂದು ತಿಂಗಳು ಬಿಟ್ಟು ಟಿವಿ ಒಯ್ದರು. ಮರುವರ್ಷ ಪ್ಯಾನೆಲ್ ಹೋಯಿತು. ಬಿಲ್ಲಿನ ತಾರೀಕಿನಿಂದ ಲೆಕ್ಕ ಹಾಕಿ, ವಾರಂಟಿ ಮುಗಿದು ಹನ್ನೆರಡು ದಿನ ಆಗಿದೆ ಅಂದರು ಕಂಪನಿಯವರು. ನಾನು ಎಷ್ಟು ಫೋನ್ ಮಾಡಿದರೂ ಪ್ರಯೋಜನ ಆಗಲಿಲ್ಲ. ಆ ಬಿಲ್ ಬರೆದವನು ನಾನೇ. ಇವತ್ತಿಗೂ ನೆನೆಸಿಕೊಂಡರೆ ಸಂಕಟವಾಗುತ್ತೆ.

ಇನ್ನು ನಿಮ್ಮ ಮಗನ ಮಾತು. ದಸರಾ, ದೀಪಾವಳಿ ಸಮಯದ ಆನ್‌ಲೈನ್ ಸೇಲಿನಲ್ಲಿ ಬೆಲೆ ಇಳಿಯುವುದು ನಿಜ. ಆದರೆ "ಅರ್ಧ" ಅನ್ನೋದು ಡಬ್ಬದ ಮೇಲಿನ ಎಂಆರ್‌ಪಿಗೆ ಹೋಲಿಸಿದ ಲೆಕ್ಕ. ಆ ಎಂಆರ್‌ಪಿಗೆ ಟಿವಿ ಕೊಂಡವರನ್ನು ನಾನು ಇಷ್ಟು ವರ್ಷದಲ್ಲಿ ನೋಡಿಲ್ಲ. ಹಿಂದಿನ ತಿಂಗಳ ಮಾರಾಟದ ಬೆಲೆಗೆ ಹೋಲಿಸಿದರೆ ನಿಮ್ಮ ಬಜೆಟ್ಟಿನ ಟಿವಿಗೆ ಉಳಿಯುವುದು ಸಾಮಾನ್ಯವಾಗಿ ಒಂದೆರಡು ಸಾವಿರ. ಅದರಲ್ಲೂ ಜಾಸ್ತಿ ಪಾಲು ಇಂಥದ್ದೇ ಬ್ಯಾಂಕಿನ ಕಾರ್ಡ್ ಇದ್ದವರಿಗೆ. ಆ ಕಾರ್ಡ್ ನಿಮ್ಮ ಮನೆಯಲ್ಲಿ ಇದೆಯಾ ಅಂತ ಮೊದಲು ನೋಡಿ.

ಮಗನಿಗೆ ಒಂದು ಕೆಲಸ ಕೊಡಿ. ನೀವು ಮೆಚ್ಚಿದ ಎರಡು ಟಿವಿಗಳ ಪೂರ್ತಿ ಮಾಡೆಲ್ ನಂಬರು ಬರೆದುಕೊಂಡು, ದಿನಾ ಆನ್‌ಲೈನ್ ಬೆಲೆಯನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಲಿ. ಎರಡು ವಾರ ಸಾಕು. ಅಂಗಡಿಗೆ ಹೋಗುವಾಗ ಆ ಕ್ಯಾಲೆಂಡರಿನ ಫೋಟೋ ನಿಮ್ಮ ಫೋನಿನಲ್ಲಿರಲಿ. ಮಾಡೆಲ್ ನಂಬರಿನ ಕೊನೆಯ ಒಂದು ಅಕ್ಷರವೂ ತಪ್ಪಬಾರದು. ಒಂದೇ ಕಂಪನಿ, ಒಂದೇ 43 ಇಂಚು, ಹೊರಗಿನಿಂದ ಒಂದೇ ಥರ ಕಾಣುತ್ತೆ. ಆದರೆ ಒಂದು 4ಕೆ, ಇನ್ನೊಂದು ಫುಲ್ ಎಚ್‌ಡಿ. 4ಕೆ ಪರದೆಯಲ್ಲಿ ಚುಕ್ಕೆಗಳು ನಾಲ್ಕು ಪಟ್ಟು. ಕಡಿಮೆ ಬೆಲೆಯ ಜಾಹೀರಾತು ಎಷ್ಟೋ ಸಲ ಆ ಎರಡನೆಯದ್ದೇ ಆಗಿರುತ್ತೆ.

"ಜಿಎಸ್‌ಟಿ ಇಳಿಕೆ ಆಫರ್" ಅಂತ ಯಾರಾದರೂ ಹೇಳಿದರೆ ಅದನ್ನು ರಿಯಾಯಿತಿ ಅಂತ ಹಿಡಿಯಬೇಡಿ. 32 ಇಂಚಿಗಿಂತ ದೊಡ್ಡ ಟಿವಿಗಳ ತೆರಿಗೆ 28%ನಿಂದ 18%ಗೆ ಇಳಿದದ್ದು 2025ರ ಸೆಪ್ಟೆಂಬರ್ 22ರಂದು, ನವರಾತ್ರಿಯ ಮೊದಲ ದಿನ. ತೆರಿಗೆ ಬಿಟ್ಟು 25 ಸಾವಿರ ಬೆಲೆಯ ಟಿವಿ 32,000 ಇದ್ದದ್ದು 29,500 ಆಯಿತು. ಆ ಸಲ ಕಾದವರಿಗೆ ನಿಜಕ್ಕೂ ಲಾಭವಾಯಿತು. ಅದು ಈಗ ಎಲ್ಲರಿಗೂ ಸಿಗುವ ಬೆಲೆ. 32 ಇಂಚಿನದಕ್ಕಂತೂ 2019ರ ಜನವರಿಯಿಂದಲೇ 18% ಇತ್ತು.

ಇನ್ನೊಂದು ವಿಷಯ. ಅತ್ತೆಯವರು ದಿನವಿಡೀ ಮನೆಯಲ್ಲಿ ಇರುವವರು ಅಲ್ವಾ? ಗೆರೆ ಬಿದ್ದ ಪರದೆಯನ್ನು ದಸರಾವರೆಗೆ ನೋಡುತ್ತಾ ಕೂರುವವರು ಅವರೇ. ಒಂದೆರಡು ಸಾವಿರಕ್ಕಾಗಿ ಅಷ್ಟು ಕಾಯಿಸುವುದು ನನಗೆ ಸರಿ ಕಾಣುವುದಿಲ್ಲ. ಶ್ರಾವಣಕ್ಕೆ ಮನೆಗೆ ಬರಲಿ.

ಟಿವಿ ಬಂದ ದಿನ, ಕೂರಿಸಲು ಬಂದ ಹುಡುಗ ಹೊರಡುವ ಮುಂಚೆ ಡಬ್ಬದ ಮೇಲಿನ ಮಾಡೆಲ್ ನಂಬರನ್ನು ರಸೀದಿಗೆ ಹೋಲಿಸಿ ನೋಡಿ. ಯೂಟ್ಯೂಬಿನಲ್ಲಿ ಬರೀ ಬಿಳಿ, ಬರೀ ಕಪ್ಪು ಪರದೆಯ ವಿಡಿಯೋ ಹಾಕಿಸಿ. ಚುಕ್ಕೆ, ಗೆರೆ ಇದ್ದರೆ ಅಲ್ಲೇ ಕಾಣುತ್ತೆ. ಡಬ್ಬ, ಥರ್ಮಾಕೋಲನ್ನು ಒಂದು ತಿಂಗಳಾದರೂ ಅಟ್ಟದ ಮೇಲೆ ಇಟ್ಟಿರಿ.