ದೂರಿನ ಪೆಟ್ಟಿಗೆ ಏಕೆ ಖಾಲಿ?

ಪ್ರಶ್ನೆ: ನಿರಾಶ್ರಿತರ ಶಿಬಿರಗಳಲ್ಲಿ ನೆರವು ಸಿಬ್ಬಂದಿಯ ಲೈಂಗಿಕ ದುರ್ವರ್ತನೆ ಅರಿಯಲು ದೂರುಗಳ ಲೆಕ್ಕ ಸಾಲದೇ? ಮಾನವಶಾಸ್ತ್ರಜ್ಞರು ಏಕೆ ಬೇಕು?

ಉತ್ತರ: ಸಾಲದು. ಪಡಿತರ ಪಟ್ಟಿ ಬರೆಯುವವನೇ ಆರೋಪಿಯಾದರೆ, ದೂರಿತ್ತವಳ ಒಲೆ ಉರಿಯುವುದೇ ಅನುಮಾನ. ಪಶ್ಚಿಮ ಆಫ್ರಿಕಾದ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ಕುರಿತ 2002ರ ವರದಿ, ನೆರವಿನ ಸಾಮಗ್ರಿ ತೋರಿಸಿ ಮಕ್ಕಳನ್ನು ಶೋಷಿಸಿದ್ದನ್ನು ಬಯಲಿಗೆಳೆಯಿತು. 2003ರಲ್ಲಿ ವಿಶ್ವಸಂಸ್ಥೆ, ಹಣ, ಕೆಲಸ, ವಸ್ತುಗಳಿಗೆ ಬದಲಾಗಿ ಲೈಂಗಿಕ ಸಂಬಂಧ ಬೆಳೆಸುವುದನ್ನು ತನ್ನ ಸಿಬ್ಬಂದಿಗೆ ನಿಷೇಧಿಸಿತು. ಆದರೆ ನಿಯಮ ಬಂದ ಮಾತ್ರಕ್ಕೆ ಭಯ ಹೋಗದು.

ಮಾನವಶಾಸ್ತ್ರದ ಸಂಶೋಧಕರು ತಿಂಗಳುಗಟ್ಟಲೆ ಶಿಬಿರದಲ್ಲೇ ಇದ್ದು, ಪಟ್ಟಿ, ಕೀಲಿ, ವಾಹನ ಯಾರ ಕೈಯಲ್ಲಿವೆ ಎಂದು ಗಮನಿಸುತ್ತಾರೆ. ನೆರವು ಸಂಸ್ಥೆಯ ಜೀಪಿನಲ್ಲಿ ಬಂದಿಳಿದು, ಅದರ ದುಭಾಷಿಯನ್ನೇ ನೆಚ್ಚಿದರೆ ಕೆಲಸ ಕೆಟ್ಟಿತು, ಯಾರೂ ಬಾಯಿಬಿಡರು. ವೈದ್ಯಕೀಯ, ಮಾನಸಿಕ ನೆರವು ಸಿದ್ಧವಿಲ್ಲದ ಕಡೆ ಸಂತ್ರಸ್ತೆಯನ್ನು ಪ್ರಶ್ನಿಸಲೇಬಾರದು.