ದೆವ್ವಕ್ಕೆ ಎಷ್ಟು ಅಂಕ? ಅಕ್ಟೋಬರ್ ನೋಡುಗರ ಪ್ರಶ್ನೋತ್ತರ

ಅಕ್ಟೋಬರ್ 31ಕ್ಕೆ ಹ್ಯಾಲೋವೀನ್, ದೆವ್ವ-ಭೂತದ ವೇಷ ಹಾಕುವ ಪಾಶ್ಚಾತ್ಯರ ಹಬ್ಬ. ಅದನ್ನು ನೆಪ ಮಾಡಿಕೊಂಡು ತಿಂಗಳಿಡೀ ದಿನಕ್ಕೊಂದು ಅಂಜಿಕೆಯ ಸಿನೆಮಾ ನೋಡಿ ಅಂಕ ಹಾಕುವ ಹವ್ಯಾಸ ನಮ್ಮ ಕಡೆಗೂ ಬಂದಿದೆ. ಅದರ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು.

ಪ್ರಶ್ನೆ: ಹೋದ ವರ್ಷ ನಾನೂ ನಮ್ಮ ತಮ್ಮನೂ 31 ದಿನಕ್ಕ 31 ಸಿನೆಮಾ ಅಂತ ಹಟಾ ಹಿಡದು ನೋಡಿದ್ವಿ. ಮೊದಲ ವಾರ ಎಲ್ಲಾದಕ್ಕೂ 8, 9 ಕೊಟ್ಟೇವಿ. ಮೂರನೇ ವಾರಕ್ಕ ಬರೂದರಾಗ ಯಾವುದೂ 4 ದಾಟಲಿಲ್ಲ. ಸಿನೆಮಾನ ಛಲೋ ಇರಲಿಲ್ಲೋ, ನಮ್ಮ ತಲೀನ ಕೆಟ್ಟಿತ್ತೋ?
(ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಎರಡೂ ಅಲ್ಲ, ನೀವು ದಣಿದಿದ್ದಿರಿ. ಒಂದು ಸಿನೆಮಾಕ್ಕೆ ಒಂದೂ ಮುಕ್ಕಾಲು ತಾಸು ಹಿಡಿದರೂ 31ಕ್ಕೆ 54 ತಾಸು ಆಗುತ್ತದೆ. ಆದರೆ ತಾಸಿಗಿಂತ ದೊಡ್ಡ ತೊಂದರೆ ರೂಢಿಯದು. ಸದ್ದು ಅಡಗಿತು, ನಾಯಕಿ ಕಪಾಟಿನ ಬಾಗಿಲು ಮುಚ್ಚಿದಳು, ಕನ್ನಡಿಯಲ್ಲಿ ಹಿಂದೆ ಯಾರೋ ನಿಂತಿದ್ದಾರೆ: ಈ ಪಟ್ಟನ್ನು ಐದನೇ ಸಲ ನೋಡುವಾಗ ಮೈ ಮೊದಲೇ ತಯಾರಾಗಿರುತ್ತದೆ. ಆರನೇ ಸಿನೆಮಾದ ನಿರ್ದೇಶಕ ಐವರ ಸಾಲ ತೀರಿಸುತ್ತಾನೆ.

ಮೊದಲನೆಯದಾಗಿ 31ರ ಹಟ ಬಿಡಿ. 20ರಿಂದ 22 ಸಾಕು; ವಾರದಲ್ಲಿ ಎರಡು ದಿನ ಪೂರ್ತಿ ಬಿಡುವಿರಲಿ. ಒಂದೇ ಜಾತಿಯ ಎರಡು ಸಿನೆಮಾ ಬೆನ್ನಿಗೆ ಬೆನ್ನು ಬೇಡ. ಕೈಕ್ಯಾಮೆರಾದಲ್ಲಿ ಸಿಕ್ಕ ದೃಶ್ಯ ಎಂದು ತೋರಿಸುವ ಥರದ್ದಾದ ಮೇಲೆ ಹಳೇ ವಾಡೆಯ ದೆವ್ವ, ಅದಾದ ಮೇಲೆ ಚಾಕುವಿನ ಕೊಲೆಗಾರ, ಹೀಗೆ ಬದಲಿಸಿ. ಎಲ್ಲಕ್ಕಿಂತ ಸಲೀಸಾದ ಕ್ರಮ ಇಸವಿಯದು: ‘ನೋಸ್ಫೆರಾಟು’ (1922), ‘ಸೈಕೋ’ (1960), ‘ನೈಟ್ ಆಫ್ ದಿ ಲಿವಿಂಗ್ ಡೆಡ್’ (1968), ‘ದಿ ಎಕ್ಸಾರ್ಸಿಸ್ಟ್’ (1973), ‘ಹ್ಯಾಲೋವೀನ್’ (1978), ‘ರಿಂಗು’ (1998), ‘ತುಂಬಾಡ್’ (2018). ಹಿಂದಿನವರು ಹೂಡಿದ ಆಟವನ್ನು ಮುಂದಿನವರು ಹೇಗೆ ಮುರಿದರು ಎಂಬುದು ಆಗ ತಾನಾಗಿ ಕಾಣುತ್ತದೆ. ತಿರುಗಾಮುರುಗಾ ನೋಡಿದರೆ 1960ರ ಸಿನೆಮಾ ಕಾಪಿ ಹೊಡೆದ ಹಾಗೆ ಕಾಣುತ್ತದೆ, ಪಾಪ.

ಎರಡನೆಯದು ಅಳತೆಗೋಲು. 10ಕ್ಕೆ ಒಂದೇ ಅಂಕ ಹಾಕಿದರೆ ಯಾವುದಕ್ಕೆ ಹಾಕಿದಿರಿ ಎಂಬುದು ವಾರ ಬಿಟ್ಟು ನಿಮಗೇ ತಿಳಿಯುವುದಿಲ್ಲ. 50ಕ್ಕೆ ಹಾಕಿ: ಅಂಜಿಕೆಗೆ 15, ಸದ್ದಿಗೆ 10, ಬೆಳಕು-ಕ್ಯಾಮೆರಾಕ್ಕೆ 10, ಕಥೆ-ನಟನೆಗೆ 10, ಕೊನೆಯ 5 ‘ಉಳಿಕೆ’ಗೆ. ಮೊದಲ ನಾಲ್ಕನ್ನು ಸಿನೆಮಾ ಮುಗಿದ ಹತ್ತು ನಿಮಿಷದೊಳಗೆ ಬರೆಯಿರಿ. ಉಳಿಕೆಯ ಮನೆ ಮಾತ್ರ ಖಾಲಿ ಬಿಟ್ಟು ಮಲಗಿ. ಮರುದಿನ ಮುಂಜಾನೆ ಹಲ್ಲುಜ್ಜುವಾಗ ಎಷ್ಟು ದೃಶ್ಯ ನೆನಪಿಗೆ ಬರುತ್ತವೋ ಅದರ ಮೇಲೆ ತುಂಬಿ. ರಾತ್ರಿ 13 ಅಂಜಿಕೆ ಗಿಟ್ಟಿಸಿದ ಎಷ್ಟೋ ಸಿನೆಮಾ ಮುಂಜಾನೆ 1ಕ್ಕೆ ಬೀಳುತ್ತವೆ.

ಮೂರನೆಯದನ್ನು ಬಹಳ ಮಂದಿ ಮಾಡುವುದಿಲ್ಲ. ನೀವು ಮೊದಲೇ ಎರಡು-ಮೂರು ಸಲ ನೋಡಿದ ಒಂದು ಸಿನೆಮಾವನ್ನು ಗುರುತುಗಲ್ಲು ಮಾಡಿಕೊಂಡು 1ನೇ ತಾರೀಖು ನೋಡಿ ಅಂಕ ಹಾಕಿ, 16ಕ್ಕೆ ಮತ್ತೆ ನೋಡಿ ಹಾಕಿ. ಹೊಸ ಸಿನೆಮಾ ನಡೆಯುವುದಿಲ್ಲ. ಎರಡನೇ ಸಲಕ್ಕೆ ಅದರ ಅಂಜಿಕೆ ಹೇಗೂ ಇಳಿಯುತ್ತದೆ. ನಿಮಗೆ ಅಚ್ಚರಿ ಉಳಿಯದ ಸಿನೆಮಾವೇ ಬೇಕು. 1ಕ್ಕೆ 30 ಕೊಟ್ಟದ್ದು 16ಕ್ಕೆ 24 ಆದರೆ ಸಿನೆಮಾ ಬದಲಾಗಿಲ್ಲ, ನಿಮ್ಮ ತಕ್ಕಡಿ ಇಳಿದಿದೆ. ಎರಡು ದಿನ ಬಿಡುವು ಕೊಟ್ಟು ಮುಂದುವರಿಸಿ. 8ರಿಂದ 15ರೊಳಗೆ ನೋಡಿದವುಗಳಿಗೆ ಆ ಇಳಿತದ ಅರ್ಧ, ಅಂದರೆ 3 ಅಂಕ ಸೇರಿಸಿದರೆ ಲೆಕ್ಕ ಸುಮಾರಾಗಿ ಸರಿಹೋಗುತ್ತದೆ.

ಪ್ರಶ್ನೆ: ನಮ್ಮದು 43 ಇಂಚಿನ ಟಿ.ವಿ. ಕತ್ತಲ ದೃಶ್ಯ ಬಂತಂದ್ರ ಬರೇ ಬೂದಿ ಬಣ್ಣದ ಚೌಕ ಚೌಕ ಕಾಣತಾವ. ದೆವ್ವ ಎಲ್ಲೇತಿ ಅನ್ನೂದ ಗೊತ್ತಾಗೂದಿಲ್ಲ. ಬ್ರೈಟ್‌ನೆಸ್ ಏರಿಸಿದ್ರ ಇನ್ನೂ ಹೊಲಸ ಆಗ್ತದ.
(ಬೆಟಗೇರಿ, ಗದಗ)

ಉತ್ತರ: ಇಲ್ಲಿ ಎರಡು ದೋಷ ಕೂಡಿಕೊಂಡಿವೆ. ಚೌಕಗಳಿಗೆ ಟಿ.ವಿ. ಕಾರಣವಲ್ಲ, ಇಂಟರ್‌ನೆಟ್ ಕಾರಣ. ವೇಗ ಕಡಿಮೆ ಬಿದ್ದಾಗ ಚಿತ್ರವನ್ನು ಹಿಂಡಿ ಕಳಿಸುತ್ತಾರೆ, ಹಿಂಡುವಾಗ ಮೊದಲು ಕತ್ತರಿ ಬೀಳುವುದು ಕತ್ತಲ ಭಾಗಕ್ಕೇ. ಗುಣಮಟ್ಟವನ್ನು ‘ಆಟೋ’ದಿಂದ ತೆಗೆದು ‘ಹೈ’ಗೆ ಇಡಿ. ಆಮೇಲೂ ನಿಂತು ನಿಂತು ಬಂದರೆ ಡೌನ್‌ಲೋಡ್ ಮಾಡಿಕೊಂಡು ನೋಡಿ.

ಇನ್ನು ಟಿ.ವಿ. ಮೊದಲು ಪಿಕ್ಚರ್ ಮೋಡ್ ‘ವಿವಿಡ್’ ಇದ್ದರೆ ‘ಸಿನೆಮಾ’ ಅಥವಾ ‘ಫಿಲ್ಮ್‌ಮೇಕರ್’ ಮಾಡಿ. ಎಕೋ ಅಥವಾ ಲೈಟ್ ಸೆನ್ಸರ್ ಆಫ್ ಮಾಡಿ. ಅದು ಕೋಣೆ ಕತ್ತಲಾದ ಕೂಡಲೇ ಪರದೆಯನ್ನೂ ಮಂಕು ಮಾಡುತ್ತದೆ. ಬ್ಯಾಕ್‌ಲೈಟ್ (ಪರದೆಯ ಹಿಂದಿನ ಬೆಳಕು) ಬೇರೆ, ಬ್ರೈಟ್‌ನೆಸ್ ಬೇರೆ. ಬಹಳಷ್ಟು ಸೆಟ್‌ಗಳಲ್ಲಿ ಬ್ರೈಟ್‌ನೆಸ್ ಏರಿಸಿದರೆ ಕಪ್ಪು ಬಣ್ಣವೇ ಬೂದಿಯಾಗುತ್ತದೆ, ನಿಮಗೆ ಆದದ್ದು ಅದೇ. ಕರಿ ಅಂಗಿ ತೊಟ್ಟ ಪಾತ್ರವಿರುವ ಕತ್ತಲ ದೃಶ್ಯದಲ್ಲಿ ನಿಲ್ಲಿಸಿ, ಕೂದಲಿಗೂ ಅಂಗಿಗೂ ನಡುವಿನ ಗೆರೆ ಕಾಣುವ ತನಕ ಬ್ರೈಟ್‌ನೆಸ್ಸನ್ನು ಒಂದೊಂದೇ ಅಂಕಿ ಏರಿಸಿ. ಪರದೆಯ ಮೇಲೆ-ಕೆಳಗಿನ ಕಪ್ಪು ಪಟ್ಟಿ ಬೂದಿ ಬಣ್ಣಕ್ಕೆ ತಿರುಗಿತೆಂದರೆ ಹೆಚ್ಚಾಯಿತು, ಎರಡು ಅಂಕಿ ಇಳಿಸಿ. ಅಲ್ಲಿಗೇ ಬಿಡಿ, ತಿಂಗಳಿಡೀ ಮುಟ್ಟಬೇಡಿ.

ಹಾಗೆಯೇ ಚಲನೆ ನಯ ಮಾಡುವ ಸೌಲಭ್ಯವನ್ನು ಬಂದ್ ಮಾಡಿ. ಎಲ್‌ಜಿಯಲ್ಲಿ ‘ಟ್ರೂಮೋಶನ್’, ಸೋನಿಯಲ್ಲಿ ‘ಮೋಶನ್‌ಫ್ಲೋ’ ಎಂದು ಹೆಸರು. ಸಿನೆಮಾ ತೆಗೆದದ್ದು ಸೆಕೆಂಡಿಗೆ 24 ಚೌಕಟ್ಟಿನಲ್ಲಿ, ಟಿ.ವಿ. ನಡುವೆ ತನ್ನವೇ ಚೌಕಟ್ಟು ಹುಟ್ಟಿಸಿ ತುಂಬಿದಾಗ ಸ್ಮಶಾನವೂ ಧಾರಾವಾಹಿಯ ಸೆಟ್ಟಿನಂತೆ ಕಾಣುತ್ತದೆ.

ಕೂಡ್ರುವ ದೂರ ಐದೂವರೆ ಅಡಿ ಸುಮಾರು. ಕೋಣೆ ಪೂರ್ತಿ ಕತ್ತಲು ಬೇಡ, ಒಂದು ಬಿಳಿ ಝೀರೋ ಬಲ್ಬ್ ಟಿ.ವಿ.ಯ ಹಿಂದೆ ಗೋಡೆಗೆ ಮುಖ ಮಾಡಿ ಇರಲಿ. ಎಲ್‌ಇಡಿ ಪರದೆಯ ಅರೆಗಪ್ಪು ಆಗ ಇನ್ನಷ್ಟು ಕಪ್ಪಾಗಿ ಕಾಣುತ್ತದೆ. ಕೆಂಪು, ನೀಲಿ ಬಲ್ಬ್ ಬೇಡ. ನವರಾತ್ರಿಯಲ್ಲಿ ಇನ್ನೊಂದು: ಪಡಸಾಲೆಗೆ ಎದುರಾಗಿ ದೇವರ ಮನೆ ಇದ್ದರೆ ಘಟ್ಟದ ಮುಂದಿನ ನಂದಾದೀಪ ಪರದೆಯಲ್ಲಿ ಮಿಣಿಮಿಣಿ ಅನ್ನುತ್ತದೆ, ಯಾವ ದೃಶ್ಯದಲ್ಲೂ ಇಲ್ಲದ ಒಂದು ಕಣ್ಣು ಅಲ್ಲಿ ಹೊಳೆಯುತ್ತಿರುತ್ತದೆ. ದೀಪವನ್ನಂತೂ ಸರಿಸುವ ಹಾಗಿಲ್ಲ. ಟಿ.ವಿ.ಯನ್ನೇ ಒಂದು ಗೇಣು ಓರೆ ಮಾಡಿ.

ಪ್ರಶ್ನೆ: ನಾವು ನಾಲ್ಕು ಮಂದಿ ಕಾಲೇಜು ಹುಡುಗ್ರು, ರೂಮಿನಾಗ ಲ್ಯಾಪ್‌ಟಾಪ್. ಮಾತು ಒಟ್ಟ ಕೇಳೂದಿಲ್ಲ, ಸದ್ದು ಏರಿಸಿದ್ರ ಒಮ್ಮೆಲೆ ಢಂ ಅಂತದ, ಬಾಜೂ ಮನಿ ಅಜ್ಜಾರು ಎದ್ದ ಬರ್ತಾರ. ಅಂಕದಾಗೂ ಜಗಳ ಹತ್ತೇದ.
(ಸಪ್ತಾಪುರ, ಧಾರವಾಡ)

ಉತ್ತರ: ಪ್ಲೇಯರಿನ ಆಡಿಯೊದಲ್ಲಿ ‘5.1’ (ಆರು ಸ್ಪೀಕರಿಗೆ ಹಂಚಿದ ಸದ್ದು) ಇದ್ದರೆ ‘ಸ್ಟೀರಿಯೊ’ ಆರಿಸಿ. 5.1ರಲ್ಲಿ ಮಾತು ನಡುವಿನ ಸ್ಪೀಕರಿಗೆ ಮೀಸಲು. ಆ ಸ್ಪೀಕರ್ ನಿಮ್ಮಲ್ಲಿಲ್ಲ, ಹಾಗಾಗಿ ಮಾತು ಕುಂದುತ್ತದೆ. ‘ನೈಟ್ ಮೋಡ್’ ಹಾಕಿದರೆ ಪಿಸುಮಾತು ಏರಿ ಢಂ ಇಳಿಯುತ್ತದೆ, ಅಜ್ಜಾರ ನಿದ್ದೆ ಉಳಿಯುತ್ತದೆ. ಆದರೆ ಆ ಏರಿಳಿತವೇ ಸಿನೆಮಾದ ಅರ್ಧ ಬಂಡವಾಳ, ಹಾಗೆ ನೋಡಿದ ದಿನ ಸದ್ದಿನ ಮನೆಗೆ ಅಂಕ ಹಾಕಬೇಡಿ. ರಾತ್ರಿ ಹನ್ನೊಂದರ ಬದಲು ಏಳಕ್ಕೆ ಹಚ್ಚುವುದು ಎಲ್ಲಕ್ಕಿಂತ ಸರಳ ಉಪಾಯ. ಅಕ್ಟೋಬರಿನಲ್ಲಿ ಆರೂಕಾಲರ ಸುಮಾರಿಗೆ ಹೊತ್ತು ಮುಳುಗುತ್ತದೆ, ಏಳಕ್ಕೆ ಬೇಕಾದಷ್ಟು ಕತ್ತಲು.

ಬೆಚ್ಚಿಬೀಳುವುದೂ ಅಂಜುವುದೂ ಒಂದೇ ಅಲ್ಲ. ಮೌನದ ನಡುವೆ ಜೋರು ಸದ್ದು ಬಂದರೆ ಬುದ್ಧಿ ವಿಚಾರ ಮಾಡುವ ಮೊದಲೇ ಕಣ್ಣು ಪಿಳುಕಿ ಭುಜ ಎದ್ದಿರುತ್ತದೆ. ಕುಕ್ಕರಿನ ಸೀಟಿಗೂ ಅಷ್ಟೇ ಆಗುತ್ತದೆ. ಇಂಥ ಹೊಡೆತ ಬಂದಾಗೆಲ್ಲ ಹಾಳೆಯ ಅಂಚಿಗೆ ಒಂದು ಗೆರೆ ಎಳೆಯಿರಿ. ಕೊನೆಗೆ ಯಾವುದಾದರೂ ಎರಡನ್ನು ಸದ್ದು ಬಂದ್ ಮಾಡಿ ಮತ್ತೆ ನೋಡಿ. ಏನೂ ಉಳಿಯದಿದ್ದರೆ ಅಂಜಿಕೆಯ ಮನೆಯಲ್ಲಿ 5ರ ಮೇಲೆ ಹೋಗಬೇಡಿ. ‘ಸೈಕೋ’ದ ಸ್ನಾನದ ಮನೆಯ ದೃಶ್ಯವನ್ನು ಹೀಗೇ ಪರೀಕ್ಷಿಸಿ. ಅಲ್ಲಿ ಸಂಗೀತವೇ ಬೇಡ ಎಂಬುದು ನಿರ್ದೇಶಕ ಹಿಚ್‌ಕಾಕರ ಮೊದಲ ಎಣಿಕೆಯಾಗಿತ್ತು. ಸಂಗೀತಗಾರ ಬರ್ನಾರ್ಡ್ ಹರ್ಮನ್ ಬರೇ ತಂತಿವಾದ್ಯಗಳಲ್ಲಿ ಬರೆದು ಕೇಳಿಸಿದ ಮೇಲೆ ಮನಸ್ಸು ಬದಲಾಯಿಸಿದರು. ಸದ್ದಿಲ್ಲದೆಯೂ ಅದರ ಕತ್ತರಿ ಕೆಲಸ ನಿಲ್ಲುತ್ತದೆ, ಸದ್ದು ಸೇರಿದಾಗ ಏನಾಗುತ್ತದೆ ಎಂಬುದೂ ತಿಳಿಯುತ್ತದೆ.

ಜಗಳದ ಮದ್ದು: ಸಿನೆಮಾ ಮುಗಿದ ಕೂಡಲೇ ಒಬ್ಬರೂ ಬಾಯಿ ಬಿಡದೆ ಚೀಟಿಯಲ್ಲಿ ಬರೆಯಬೇಕು. ಮೊದಲು ಮಾತಾಡಿದವನ ಅಂಕಕ್ಕೆ ಉಳಿದವರು ವಾಲುತ್ತಾರೆ. 38, 37, 36, 21 ಬಂತೆನ್ನಿ. ಸರಾಸರಿ 33, ಆದರೆ ಯಾರೂ 33 ಕೊಟ್ಟಿಲ್ಲ. ನಡುವಿನ ಎರಡನ್ನು ಹಿಡಿದು 36.5 ಎಂದು ಬರೆದು, 21ರವನನ್ನು ಯಾವ ಮನೆಯಲ್ಲಿ ಕಡಿತ ಮಾಡಿದೆ ಎಂದು ಕೇಳಿ. ಅವನ ಉತ್ತರವೇ ಆ ರಾತ್ರಿಯ ಒಳ್ಳೇ ಚರ್ಚೆ.

ಡೇಟಾದ ಮೇಲೆ ನೋಡುವವರಾದರೆ ಎಚ್‌ಡಿಗೆ ತಾಸಿಗೆ 3 ಜಿಬಿ ತನಕ ಹೋಗಬಹುದು, ದಿನಕ್ಕೆ 1.5 ಜಿಬಿಯ ಪ್ಯಾಕ್ ಅರ್ಧ ತಾಸಿಗೆ ಮುಗಿದು, ದೆವ್ವ ಬಾಗಿಲಲ್ಲೇ ನಿಂತುಬಿಡುತ್ತದೆ. ಮೊಬೈಲಿನಲ್ಲಿ ನೋಡಿದ ಸಿನೆಮಾಕ್ಕೆ ಬೆಳಕು-ಕ್ಯಾಮೆರಾದ ಅಂಕವೇ ಬೇಡ.

ಪ್ರಶ್ನೆ: ‘ನೋಸ್ಫೆರಾಟು’ ನೋಡಿದೆ. ರಕ್ತ ಹೀರುವವನು ಬಿಸಿಲಿನಲ್ಲಿ ಶವಪೆಟ್ಟಿಗೆ ಹೊತ್ತು ಆರಾಮ ತಿರುಗಾಡುತ್ತಾನೆ, ಕೊನೆಗೆ ಬಿಸಿಲಿಗೇ ಸಾಯುತ್ತಾನೆ! ಕಥೆಗೆ 2 ಕೊಟ್ಟೆ. ತಪ್ಪೇ?
(ಹಾವೇರಿ)

ಉತ್ತರ: ತಪ್ಪು ನಿಮ್ಮದಲ್ಲ, ನಿಮಗೆ ಸಿಕ್ಕ ಪ್ರತಿಯದು. ಆ ಕಾಲದಲ್ಲಿ ರಾತ್ರಿಯ ದೃಶ್ಯವನ್ನೂ ಹಗಲಲ್ಲೇ ತೆಗೆದು ಫಿಲ್ಮಿಗೆ ನೀಲಿ ಬಣ್ಣ ಅದ್ದುತ್ತಿದ್ದರು. ನೀಲಿ ಅಂದರೆ ರಾತ್ರಿ ಎಂಬುದು ನೋಡುವವರಿಗೂ ಗೊತ್ತಿತ್ತು. ಬಣ್ಣ ಕಳೆದುಕೊಂಡ ಬರೇ ಕಪ್ಪು-ಬಿಳುಪು ಪ್ರತಿಯಲ್ಲಿ ರಾತ್ರಿಯೆಲ್ಲ ಮಟಮಟ ಮಧ್ಯಾಹ್ನ. ಬಣ್ಣ ಉಳಿಸಿ ದುರಸ್ತಿ ಮಾಡಿದ ಪ್ರತಿ ಹುಡುಕಿ ಮತ್ತೊಮ್ಮೆ ನೋಡಿ. ಅಂದಹಾಗೆ, ಬಿಸಿಲಿಗೆ ಸಾಯುವುದು ಈ ಸಿನೆಮಾವೇ ತಂದ ಹೊಸತು. 1897ರ ‘ಡ್ರಾಕುಲಾ’ ಕಾದಂಬರಿಯಲ್ಲಿ ಅವನು ಹಗಲೂ ಓಡಾಡುತ್ತಾನೆ. ಹಾನ್ಸ್ ಎರ್ಡ್‌ಮನ್ ಬರೆದ ಮೂಲ ಸಂಗೀತದ ಬಹುಭಾಗ ಕಳೆದುಹೋಗಿರುವುದರಿಂದ ಪ್ರತಿಗೊಂದು ಸಂಗೀತ ಇರುತ್ತದೆ. ಸದ್ದಿನ 10 ತೆಗೆದು 40ಕ್ಕೆ ಅಂಕ ಹಾಕಿ, ನಂತರ ಒಂದೂಕಾಲರಿಂದ ಗುಣಿಸಿ. 28 ಬಂದರೆ 35.

‘ನೈಟ್ ಆಫ್ ದಿ ಲಿವಿಂಗ್ ಡೆಡ್’ಗೂ ಪ್ರತಿ ನೋಡಿಯೇ ಕೂಡ್ರಿ. ಹೆಸರು ಬದಲಿಸುವಾಗ ಕಾಪಿರೈಟ್ ಹಕ್ಕಿನ ಸೂಚನೆ ಬಿಟ್ಟುಹೋಗಿ ಆ ಸಿನೆಮಾ ಸಾರ್ವಜನಿಕರ ಪಾಲಾಯಿತು. ಯಾರು ಬೇಕಾದರೂ ಹಾಕಬಹುದಾದ್ದರಿಂದ ಮಸಿ ಬಳಿದಂಥ ಪ್ರತಿಗಳೇ ಹೆಚ್ಚು.

ಪ್ರಶ್ನೆ: ಮನ್ಯಾಗ 8 ಮತ್ತು 12 ವರ್ಷದ ಮಕ್ಕಳು, ನವರಾತ್ರಿ ಬ್ಯಾರೆ. ನಮ್ಮ ಅತ್ತಿಯವರು ‘ಹಬ್ಬದಾಗ ಎಂಥಾ ದೆವ್ವ ಹಚ್ಚಿರವಾ’ ಅಂತಾರ.
(ಮುಳಗುಂದ ನಾಕಾ, ಗದಗ)

ಉತ್ತರ: ಅತ್ತೆಯವರ ಮಾತು ಮೀರಬೇಡಿ, 22 ಸಿನೆಮಾದ ಲೆಕ್ಕದಲ್ಲಿ 9 ದಿನದ ಬಿಡುವು ಸಹಜವಾಗಿ ಕೂಡುತ್ತದೆ. ನಸುಕಿನಲ್ಲಿ ಬನ್ನಿ ಗಿಡಕ್ಕೆ ಹೋಗುವ ಮನೆಯಲ್ಲಿ ನಡುರಾತ್ರಿಯ ಸಿನೆಮಾ ಹೇಗೂ ನಡೆಯದು. ಮಕ್ಕಳಿಗೆ ಈಗ ಯುಎ ಪ್ರಮಾಣಪತ್ರದಲ್ಲೇ 7+, 13+, 16+ ಎಂದು ಮೂರು ಮೆಟ್ಟಿಲಿವೆ. ನಿಮ್ಮ ಇಬ್ಬರಿಗೂ 7+ ಮಾತ್ರ. 12ರವನು 13+ ಕೇಳುತ್ತಾನೆ, ಮೊದಲು ನೀವೊಬ್ಬರೇ ನೋಡಿ. ಹಳೆಯ ಸಿನೆಮಾಗಳಲ್ಲಿ ಬರೇ ‘ಯುಎ’ ಇರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಮಕ್ಕಳೊಂದಿಗೆ ಹಗಲು ನೋಡಿ, ಅಂಜಿದ ಕಡೆ ನಿಲ್ಲಿಸಿ. ‘ಇಷ್ಟಕ್ಕೆಲ್ಲ ಅಂಜ್ತಾರೇನು’ ಅನ್ನಬೇಡಿ.

ಪ್ರಶ್ನೆ: ‘ಆಪ್ತಮಿತ್ರ’ ದೆವ್ವದ ಸಿನೆಮಾನೋ, ಅಲ್ಲೋ? ಯಾವ ಪಟ್ಟಿಗೆ ಸೇರಸೂದು?
(ಬ್ಯಾಡಗಿ)

ಉತ್ತರ: ಮಲಯಾಳದ ‘ಮಣಿಚಿತ್ರತ್ತಾಳ್’ (1993) ಕನ್ನಡಕ್ಕೆ 2004ರಲ್ಲಿ ‘ಆಪ್ತಮಿತ್ರ’ವಾಗಿ ಬಂತು. ದೆವ್ವದ ಹಾಗೆ ಕಂಡದ್ದಕ್ಕೆ ಮನೋವೈದ್ಯ ಕಾರಣ ಹುಡುಕುವ ಕಥೆ. ಪಟ್ಟಿಗೆ ಸೇರಿಸಿ, ಅಂಜಿಕೆಯ ಮನೆಯಲ್ಲಿ ಬಿಗಿಯಾಗಿರಿ, ಸೌಂದರ್ಯ ಅವರ ನಾಗವಲ್ಲಿಗೆ ಕಥೆ-ನಟನೆಯಲ್ಲಿ ಕೈ ಬಿಚ್ಚಿ ಕೊಡಿ. ಹಳೆಯದು ಬೇಕೆಂದರೆ ಅನಂತ್‌ನಾಗ್-ಲಕ್ಷ್ಮಿ ಅವರ ‘ನಾ ನಿನ್ನ ಬಿಡಲಾರೆ’ (1979) ಅದಕ್ಕಿಂತ ಮೊದಲು ನೋಡಿ.

ಪ್ರಶ್ನೆ: ನೋಡ್ತಾ ತಿನ್ನಾಕ ಏನ್ ಛಲೋ? (ದುರ್ಗದಬೈಲ್, ಹುಬ್ಬಳ್ಳಿ)

ಉತ್ತರ: ಗಿರ್ಮಿಟ್ ಅಲ್ಲ. ಮಂಡಕ್ಕಿಯ ಕರಂಕುರುಂ ನಿಮ್ಮ ಕಿವಿಯೊಳಗೇ ನಡೆಯುತ್ತದೆ, ಪರದೆಯ ಪಿಸುಮಾತು ಅದರಲ್ಲಿ ಮುಳುಗುತ್ತದೆ. ಮಿರ್ಚಿ ಆರುವ ಮೊದಲೇ ಮುಗಿಸಿ ಕೂಡ್ರಿ. ಖಾರಕ್ಕೆ ಬೆವರಿದ್ದನ್ನು ಸಿನೆಮಾದ ಖಾತೆಗೆ ಹಾಕುವವರಿದ್ದಾರೆ. ಪೇಢೆಗೆ ಸದ್ದಿಲ್ಲ.

ಪ್ರಶ್ನೆ: ಸಿನೆಮಾ ನಡುವ ಕರೆಂಟ್ ಹೋದ್ರ ಅಂಕ ಹೆಂಗ ಹಾಕೂದು? (ರಾಣೆಬೆನ್ನೂರು)

ಉತ್ತರ: ಅಕ್ಟೋಬರಿನ ಸಂಜೆ ಗುಡುಗು-ಮಳೆಗೆ ಇದು ಆಗುವಂಥದ್ದೇ. ಹತ್ತು ನಿಮಿಷದೊಳಗೆ ಬಂದರೆ ಐದು ನಿಮಿಷ ಹಿಂದಕ್ಕೆ ಹೋಗಿ ಮುಂದುವರಿಸಿ. ಅರ್ಧ ತಾಸು ದಾಟಿದರೆ ಆ ದಿನ ಬಿಡಿ, ಹಾಳೆಯಲ್ಲಿ ‘ಕ.ಹೋ.’ ಎಂದು ಗುರುತು ಹಾಕಿ ಮರುದಿನ ಮೊದಲಿಂದ ನೋಡಿ. ಕರೆಂಟ್ ಹೋದ ಗಳಿಗೆಯಲ್ಲಿ ಹಿತ್ತಲ ಬಾಗಿಲು ಸದ್ದು ಮಾಡಿದ್ದಕ್ಕೆ ಅಂಜಿದ್ದರೆ, ಆ ಅಂಕ ಸಿನೆಮಾದ್ದಲ್ಲ.